ಅಳುವ ಹುಲಿಯೂ ಅಮ್ಮನ ಕಾಫಿಯೂ

ಕೆಲವರ ಕೈಗೆ ದುಡ್ಡು ಹತ್ತುತ್ತದೆ, ಕೆಲವರ ಕೈಗೆ ಗಿಡ ಹತ್ತುತ್ತದೆ, ನನ್ನ ಕೈಗೆ ಹತ್ತುವುದು ಎಡವಟ್ಟು. ನಾನು ಸುಮ್ಮನೆ ಒಂದು ಮೂಲೆಯಲ್ಲಿ ನಿಂತಿದ್ದರೂ ಅದೇ ಹುಡುಕಿಕೊಂಡು ಬಂದು "ಏನಪ್ಪಾ, ಖಾಲಿ ನಿಂತಿದೀಯಾ?" ಅಂತ ಹೆಗಲ ಮೇಲೆ ಕೈ ಹಾಕುತ್ತದೆ.

ಮೈಸೂರಿನಲ್ಲಿ ಅರ್ಧ ಓದಿದೆ, ಟೆಕ್ಸಸ್ಸಿಗೆ ಬಂದು ಡಾಲಸ್ ಪಕ್ಕದ ಫ್ರಿಸ್ಕೋದಲ್ಲಿ ಇನ್ನರ್ಧ ಓದಿದೆ. ಎರಡು ಅರ್ಧ ಕೂಡಿದರೆ ಒಂದಾಗುತ್ತದೆ ಅಂತ ಮೈಸೂರಿನ ಲೆಕ್ಕದ ಮೇಷ್ಟ್ರು ಹೇಳಿದ್ದರು. ಆಗಲಿಲ್ಲ. ಹೈಸ್ಕೂಲು ಮುಗಿಯೋಕೆ ಮುಂಚೆ ಹೈಸ್ಕೂಲಿಗೂ ಸಾಕಾಯಿತು, ನನಗೂ ಸಾಕಾಯಿತು. ಅಪ್ಪ ಲ್ಯಾಪ್‌ಟಾಪ್ ಮುಚ್ಚಿ, "ಓದಲ್ಲ ಅಂದ್ರೆ ದುಡಿ. ಮನೇಲಿ ಕೂತು ಕೋಡಂಗಿ ಆಟ ಆಡೋಕೆ ನಾನೇನು ಸರ್ಕಸ್ ನಡೆಸ್ತಿಲ್ಲ," ಅಂದರು. ಹಾಗೆ ನಾನು ಒಬ್ಬ ಥಾಯ್ ಆಂಟಿಯ ಫುಡ್ ಟ್ರಕ್ಕಿಗೆ ಸೇರಿದೆ. ಅದು ಒಂದು ವಾರಾಂತ್ಯ ಡಾಲಸ್, ಇನ್ನೊಂದು ಹ್ಯೂಸ್ಟನ್, ಮತ್ತೊಂದು ಆಸ್ಟಿನ್ ಅಂತ ಸುತ್ತುತ್ತಿರುತ್ತದೆ. ಅಲ್ಲಿ ಮಾರುವುದು ಮುಖ್ಯವಾಗಿ ಒಂದೇ ತಿಂಡಿ: ಕೆಂಡದ ಮೇಲೆ ಸುಟ್ಟ ಬೀಫು, ಪಕ್ಕದಲ್ಲಿ ಅದ್ದಿಕೊಳ್ಳೋಕೆ ಖಾರದ ಗೊಜ್ಜು.

ನಮ್ಮದು ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಮೂರು ಸಲ ಕೇಳಿ, ಇಲ್ಲ ಅಂದರೂ ನಂಬದೆ, ಬಾಳೆಹಣ್ಣು ತಿಂದು ಎದ್ದು ಬರುವ ಮನೆ. ಮುಂದಿನದ್ದೆಲ್ಲ ಇಲ್ಲಿಂದ ಶುರು.

೧. ಹುಲಿ ಯಾಕೆ ಅಳುತ್ತೆ?

ಆ ತಿಂಡಿಗೆ ಥಾಯ್ ಭಾಷೆಯಲ್ಲಿ 'ಅಳುವ ಹುಲಿ' ಅಂತ ಹೆಸರು. ಟ್ರಕ್ಕಿನ ಬೋರ್ಡಿನ ಮೇಲೆ ಒಂದು ದಪ್ಪ ಹುಲಿ ಕರ್ಚೀಫು ಹಿಡಿದುಕೊಂಡು ಅಳುತ್ತಾ ಕೂತಿದೆ. ಆಂಟಿಯ ಅಕ್ಕನ ಮಗ ಬರೆದ ಚಿತ್ರವಂತೆ. ನೋಡಿದರೆ ನೆಗಡಿ ಆದ ಬೆಕ್ಕಿನ ಹಾಗಿದೆ.

ಮಾಂಸಕ್ಕೆ ಬೆಳ್ಳುಳ್ಳಿ, ಕೊತ್ತಂಬರಿ ಬೇರು, ಮೆಣಸು ಜಜ್ಜಿ ಸೋಯಾ ಸಾಸಿನ ಜೊತೆ ಸವರಿ ಇಡೋದು, ಇದ್ದಿಲ ಮೇಲೆ ದೊಡ್ಡ ತುಂಡನ್ನೇ ಸುಡೋದು, ಸ್ವಲ್ಪ ಹೊತ್ತು ಹಾಗೇ ಬಿಟ್ಟು ಆಮೇಲೆ ಎಳೆಗೆ ಅಡ್ಡವಾಗಿ ತೆಳ್ಳಗೆ ಹೆಚ್ಚೋದು, ಇವೆಲ್ಲ ಆಂಟಿಯ ಖಾತೆ. ಗೊಜ್ಜು ನನ್ನ ಖಾತೆ. ಹುಣಸೆಹಣ್ಣು, ತಾಳೆಬೆಲ್ಲ, ಹುರಿದು ಕುಟ್ಟಿದ ಒಣಮೆಣಸಿನಕಾಯಿ, ಸಣ್ಣ ಈರುಳ್ಳಿ, ನಿಂಬೆರಸ, ಕೊತ್ತಂಬರಿ ಸೊಪ್ಪು, ಮೇಲೆ ಹುರಿದ ಅಕ್ಕಿ ಪುಡಿ. ಇಲ್ಲಿಯವರೆಗೂ ಅದು ನಮ್ಮಜ್ಜಿ ಮಾಡುತ್ತಿದ್ದ ಗೊಜ್ಜಿಗೆ ಅಣ್ಣನೋ ತಮ್ಮನೋ ಇರಬೇಕು. ಕೊನೆಗೆ ಮೀನಿನ ಸಾಸು ಬೀಳುತ್ತದೆ, ಸಂಬಂಧ ಕಡಿದುಹೋಗುತ್ತದೆ. ಮೀನಿನ ಸಾಸು ಹಾಕುವ ತನಕ ನಾನು ರುಚಿ ನೋಡುತ್ತೇನೆ. ಹಾಕಿದ ಮೇಲೆ ದೇವರ ಮೇಲೆ ಭಾರ.

ಬಂದವರೆಲ್ಲ ಬೋರ್ಡು ನೋಡಿ ಕೇಳೋದು ಒಂದೇ ಪ್ರಶ್ನೆ: "ಹುಲಿ ಯಾಕೆ ಅಳ್ತಿದೆ?"

ಆಂಟಿಯ ಪ್ರಕಾರ ಮಾಂಸ ಗಟ್ಟಿ ಇದ್ದದ್ದಕ್ಕೆ ಹುಲಿಗೂ ಜಗಿಯೋಕಾಗದೆ ಅತ್ತಿತಂತೆ. ಗೊಜ್ಜು ಖಾರ ಆಗಿ ಅತ್ತಿತು ಅನ್ನುವವರೂ ಇದ್ದಾರಂತೆ. ನನಗೆ ದಿನಾ ಒಂದೇ ಉತ್ತರ ಹೇಳೋಕೆ ಬೇಜಾರು. ಸ್ಕೂಲ್ ಮಕ್ಕಳು ಕೇಳಿದರೆ "ಹೋಮ್‌ವರ್ಕ್ ಜಾಸ್ತಿ ಕೊಟ್ಟಿದಾರೆ" ಅಂತಿದ್ದೆ. ವಯಸ್ಸಾದ ಗಂಡ ಹೆಂಡತಿ ಕೇಳಿದರೆ "ಹೆಂಡತಿ ಹುಲಿ ಡಯಟ್ ಶುರು ಮಾಡಿದಾಳೆ" ಅಂತಿದ್ದೆ.

ಒಂದು ಶನಿವಾರ ಡಾಲಸ್‌ನಲ್ಲಿ ಆರಡಿ ಎತ್ತರದ ಒಬ್ಬ ಮನುಷ್ಯ ಬಂದ. ದೊಡ್ಡ ಹ್ಯಾಟು, ಬೂಟು, ಬೆಲ್ಟಿನ ಬಕಲ್ಲೇ ನಮ್ಮನೆ ತಿಂಡಿ ತಟ್ಟೆಯಷ್ಟಿತ್ತು. "ವೈ ಈಸ್ ದ ಟೈಗರ್ ಕ್ರೈಯಿಂಗ್, ಸನ್?" ಅಂದ. ಅವತ್ತು ನನ್ನ ಬಾಯಿಗೆ ಯಾವ ತಮಾಷೆಯೂ ಬರಲಿಲ್ಲ, ಮನಸ್ಸಿನಲ್ಲಿದ್ದದ್ದೇ ಬಂದುಬಿಟ್ಟಿತು. "ಅದರ ಅಮ್ಮ ಅದನ್ನ ನಂಬೋದು ಬಿಟ್ಟಿದಾಳೆ ಸಾರ್," ಅಂದೆ.

ಆ ಮನುಷ್ಯ ಹ್ಯಾಟು ತೆಗೆದ. ಬೋರ್ಡನ್ನೇ ನೋಡುತ್ತಾ ನಿಂತ. ಆಮೇಲೆ ಫೋನ್ ತೆಗೆದು ಅಲ್ಲೇ, ಕಿಟಕಿ ಮುಂದೆಯೇ, ಅವನ ಅಮ್ಮನಿಗೆ ಕಾಲ್ ಮಾಡಿದ. "ಮಾಮಾ, ಇಟ್ಸ್ ಮೀ..." ಅಂತ ಶುರುವಾಗಿದ್ದು ಮುಗಿಯಲೇ ಇಲ್ಲ. ಹಿಂದಿನ ಸಾಲು ರಸ್ತೆ ತನಕ ಹೋಯಿತು. ಅವನನ್ನು ನೋಡಿ ಸಾಲಿನಲ್ಲಿದ್ದ ಇನ್ನಿಬ್ಬರು ಫೋನ್ ತೆಗೆದರು. ಇದ್ದಿಲ ಮೇಲಿದ್ದ ಮಾಂಸ ಕರಕಲಾಯಿತು.

ಆಂಟಿ ಇಕ್ಕಳ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಇನ್ಮೇಲೆ ಹುಲಿಗೆ ಹಲ್ಲು ನೋವು ಅಂತ ಹೇಳು. ಹಲ್ಲು ನೋವಿಗೆ ಯಾರೂ ಮನೆಗೆ ಫೋನ್ ಮಾಡಲ್ಲ!"

೨. ಎರಡು ಲೋಟ

ನಂಬೋದು ಬಿಟ್ಟಿದ್ದ ಅಮ್ಮ ಹುಲಿಯದಲ್ಲ, ನನ್ನದು.

ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ನನ್ನ ಕೆಲಸ. ಡಿಕಾಕ್ಷನ್ ಇಳಿಸೋದು, ಹಾಲು ಉಕ್ಕೋ ಮುಂಚೆ ತೆಗೆಯೋದು, ನೊರೆ ಬರುವ ಹಾಗೆ ಎತ್ತಿ ಹೊಯ್ಯೋದು, ಕೊನೆಗೆ ಲೋಟದ ಅಂಚಿಗೆ ಹತ್ತಿದ ನೊರೆಯನ್ನ ಹೆಬ್ಬೆರಳಿನಿಂದ ಸುತ್ತ ಒರೆಸಿ ಕೊಡೋದು. "ಓದು ಹತ್ತದಿದ್ರೂ ಕಾಫಿ ಹತ್ತಿದೆ ನನ್ನ ಮಗನಿಗೆ," ಅಂತ ಅಮ್ಮ ಮೈಸೂರಿಗೆ ಫೋನ್ ಮಾಡಿದಾಗೆಲ್ಲ ಹೇಳುತ್ತಿದ್ದಳು. ನನ್ನ ಬಗ್ಗೆ ಮೈಸೂರಿಗೆ ಹೋಗುತ್ತಿದ್ದ ಒಳ್ಳೆ ಸುದ್ದಿ ಅದೊಂದೇ.

ಟ್ರಕ್ಕಿಗೆ ಸೇರಿದ ಮಾರನೇ ದಿನ ಕಾಫಿ ಮಾಡಿ ಕೊಟ್ಟೆ. ಅಮ್ಮ ಲೋಟ ನೋಡಿದಳು, ನನ್ನ ಕೈ ನೋಡಿದಳು. "ಯಾಕೋ ಇವತ್ತು ಬೇಡ ಕಣೋ," ಅಂದಳು. ಅದರ ಮಾರನೇ ದಿನ ತಾನೇ ಟೀ ಮಾಡಿಕೊಂಡಳು. ಟೀ! ನಮ್ಮ ಮನೆಯಲ್ಲಿ ಟೀ ಮಾಡೋದು ಜ್ವರ ಬಂದವರಿಗೆ.

"ಅಮ್ಮಾ, ನಾನು ತಿನ್ನಲ್ಲ. ಗೊಜ್ಜು ಮಾಡ್ತೀನಿ, ತಟ್ಟೆಗೆ ಹಾಕಿ ಕೊಡ್ತೀನಿ, ಅಷ್ಟೇ."

"ಸರಿ."

"ನಮ್ಮ ಥಾಯ್ ಆಂಟಿನೂ ತಿನ್ನಲ್ಲ ಗೊತ್ತಾ? ಅವರ ದೇವಿಗೆ ಹರಕೆ ಹೊತ್ಕೊಂಡಿದಾರೆ."

ಅಮ್ಮ ನಕ್ಕೇಬಿಟ್ಟಳು. "ಅಂಗಡಿ ಇಟ್ಟವಳೂ ತಿನ್ನಲ್ಲ, ಕೆಲಸಕ್ಕಿರೋನೂ ತಿನ್ನಲ್ಲ. ಬರೋ ಗಿರಾಕಿಗಳೂ ಮೂಸಿ ನೋಡಿ ಹೋಗ್ತಾರೆ ಅನ್ನು, ಮುಗೀತು. ಸುಳ್ಳಾದ್ರೂ ಒಂದ್ ಮಟ್ಟಕ್ಕೆ ಹೇಳೋ."

ಅವಳದ್ದೂ ತಪ್ಪಿಲ್ಲ. ಅಪ್ಪನ ಆಫೀಸ್ ವಿಡಿಯೋ ಮೀಟಿಂಗಿನ ಹಿಂದೆ ನಿಂತು ಮಂಗಳಾರತಿ ಗಂಟೆ ಹೊಡೆದವನು ನಾನು. ಹಿತ್ತಲ ಹುಲ್ಲಿನಲ್ಲಿ ಹಾವು ಅಂತ ಕೂಗಿ, ಗಾರ್ಡನ್ ಪೈಪಿಗೆ ದಾರ ಕಟ್ಟಿ ಎಳೆದವನೂ ನಾನೇ. ಆಮೇಲೊಂದು ದಿನ ನಿಜವಾದ ಹಾವೇ ಬಂತು. ನಾನು ಕಾರಿನ ಟಾಪ್ ಮೇಲೆ ಹತ್ತಿ ನಿಂತು ಬಾಯಿ ಬಡಿದುಕೊಂಡರೆ ಅಮ್ಮ ಅಡುಗೆಮನೆ ಕಿಟಕಿಯಿಂದ, "ಚೆನ್ನಾಗಿದೆ ಕಣೋ, ಹೋದ್ಸಲಕ್ಕಿಂತ ಚೆನ್ನಾಗಿ ಮಾಡ್ತಿದೀಯ," ಅಂದಳು. ಹಾವೇ ಪಾಪ, ಯಾರೂ ಕೇರ್ ಮಾಡಲಿಲ್ಲ ಅಂತ ಬೇಜಾರು ಮಾಡಿಕೊಂಡು ಹೋಯಿತು.

ತಮಾಷೆ ಮಾಡುವವನಿಗೆ ಇದೊಂದು ಕಷ್ಟ. ಸುಳ್ಳು ಹೇಳಿದರೆ ಎಲ್ಲರೂ ನಗುತ್ತಾರೆ, ಅದು ಸರಿ. ನಿಜ ಹೇಳಿದರೆ ಇನ್ನೂ ಜೋರಾಗಿ ನಗುತ್ತಾರೆ.

ಅಮ್ಮ ಬೈಯಲಿಲ್ಲ, ಕೆಲಸ ಬಿಡು ಅಂತಲೂ ಹೇಳಲಿಲ್ಲ. ಕಾಫಿ ಮಾತ್ರ ಮುಟ್ಟಲಿಲ್ಲ. ನಾನೂ ಹಟಕ್ಕೆ ಬಿದ್ದು ದಿನಾ ಎರಡು ಲೋಟ ಕಾಫಿ ಮಾಡಿ ಮೇಜಿನ ಮೇಲಿಡುತ್ತಿದ್ದೆ, ಒಂದು ಅಪ್ಪನಿಗೆ, ಒಂದು ಅಮ್ಮನಿಗೆ. ಚೆಲ್ಲಿದರೆ ನನಗೆ ಬೇಜಾರಾಗುತ್ತದೆ ಅಂತ ಅಪ್ಪ ಎರಡನ್ನೂ ಕುಡಿಯುತ್ತಿದ್ದರು. ವಾರಗಟ್ಟಲೆ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅಪ್ಪ ಕೆಂಪು ಕಣ್ಣು ಬಿಟ್ಟುಕೊಂಡು ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು:

"ನೀನು ತಿಂತೀಯೋ ಬಿಡ್ತೀಯೋ ನನಗೆ ಬೇಕಾಗಿಲ್ಲ ಕಣೋ. ಅವಳನ್ನ ಬೇಗ ನಂಬಿಸು. ನಾನು ಮಲಗಿ ಎಷ್ಟು ದಿನ ಆಯ್ತು!"

೩. ರುಚಿ ನೋಡದವರು

ಆಂಟಿಯ ಹರಕೆ ನನ್ನ ಸುಳ್ಳಲ್ಲ. ಅವರ ಕಡೆ ಕುವಾನ್ ಇಮ್ ಅಂತ ಒಬ್ಬಳು ಕರುಣೆಯ ದೇವಿ. ಅವಳಿಗೆ ನಡೆದುಕೊಳ್ಳುವ ತುಂಬಾ ಜನ ದನದ ಮಾಂಸ ತಿನ್ನುವುದಿಲ್ಲವಂತೆ. ಆಂಟಿ ಚಿಕ್ಕವರಿದ್ದಾಗ ಅವರಮ್ಮನಿಗೆ ಕಾಯಿಲೆ ಆಗಿ, ಹರಕೆ ಹೊತ್ತು, ಆವತ್ತಿನಿಂದ ಬಿಟ್ಟಿದ್ದಾರೆ. "ಹಾಗಾದ್ರೆ ಬೀಫ್ ಯಾಕೆ ಮಾರ್ತೀರಿ?" ಅಂತ ಕೇಳಿದೆ. "ಟೆಕ್ಸಸ್‌ನಲ್ಲಿ ಇನ್ನೇನು ಮಾರಲಿ, ನೊಂಗ್, ಪಾಲಕ್ ಸೊಪ್ಪಾ?" ಅಂದರು. ನೊಂಗ್ ಅಂದರೆ ಅವರಲ್ಲಿ ತಮ್ಮ ಅಂತ.

ಆದ್ದರಿಂದ ನಮ್ಮ ಟ್ರಕ್ಕಿನಲ್ಲಿ ಆ ತಿಂಡಿಯ ರುಚಿ ಗೊತ್ತಿರುವವರು ಯಾರೂ ಇಲ್ಲ. ಆಂಟಿ ಕೊಬ್ಬು ಕೆಂಡಕ್ಕೆ ಬಿದ್ದಾಗ ಬರುವ ಸದ್ದು ಕೇಳುತ್ತಾರೆ, ಬೆರಳಿನಿಂದ ಒತ್ತಿ ನೋಡುತ್ತಾರೆ, ಆಮೇಲೆ ಮೊದಲನೇ ಗಿರಾಕಿಯ ಮುಖ ನೋಡುತ್ತಾರೆ. ಆ ಮುಖದಲ್ಲಿ ಹುಬ್ಬು ಮೇಲೆ ಹೋದರೆ ಉಪ್ಪು ಜಾಸ್ತಿ, ಕಣ್ಣು ಮುಚ್ಚಿದರೆ ಸರಿಯಾಗಿದೆ. ನಾನೂ ಕಲಿತೆ. ಈಗ ಯಾರಾದರೂ ಅಗಿಯುವುದನ್ನ ದೂರದಿಂದ ನೋಡಿದರೇ ಸಾಕು, ಗೊಜ್ಜಿಗೆ ಎಷ್ಟು ಹುಳಿ ಕಮ್ಮಿ ಅಂತ ಹೇಳಿಬಿಡುತ್ತೇನೆ.

ಹ್ಯೂಸ್ಟನ್ನಿಗೆ ಹೋದಾಗ ನಾವು ನಿಲ್ಲಿಸೋದು ಕ್ಲಿಯರ್ ಲೇಕ್ ಕಡೆ. ಅಲ್ಲಿ ಬರುವವರಲ್ಲಿ ಅರ್ಧ ಜನ ಅಲ್ಲೇ ಪಕ್ಕದ ಬಾಹ್ಯಾಕಾಶ ಕೇಂದ್ರದ ಎಂಜಿನಿಯರುಗಳು. ಊಟಕ್ಕೆ ಬಂದರೂ ಪರೀಕ್ಷೆಗೆ ಬಂದವರ ಹಾಗಿರುತ್ತಾರೆ. ಕತ್ತಿಗೆ ಬ್ಯಾಡ್ಜು ಹಾಕಿಕೊಂಡ ಒಬ್ಬರು ಪ್ಲೇಟು ಹಿಡಿದುಕೊಂಡು ವಾಪಸ್ ಬಂದರು. ಏನೋ ಕಂಪ್ಲೇಂಟು ಅಂದುಕೊಂಡೆ.

"ತುಂಬಾ ಚೆನ್ನಾಗಿದೆ. ಒಳಗಿನ ಟೆಂಪರೇಚರ್ ಎಷ್ಟಕ್ಕೆ ತೆಗೀತೀರಿ?"

"ಗೊತ್ತಿಲ್ಲ ಸಾರ್. ಆಂಟಿ ಸದ್ದು ಕೇಳಿ ತೆಗೀತಾರೆ."

"ರೆಸಿಪಿ ಹೇಗೆ ಡೆವಲಪ್ ಮಾಡಿದ್ರಿ? ತಿಂದು ತಿಂದು ನೋಡಿರಬೇಕು."

"ಇಲ್ಲ ಸಾರ್. ನಾವಿಬ್ಬರೂ ಇದನ್ನ ಬಾಯಿಗೆ ಇಟ್ಟಿಲ್ಲ."

ಅವರು ಅಗಿಯೋದು ನಿಲ್ಲಿಸಿದರು. ಬಾಯಲ್ಲಿದ್ದದ್ದನ್ನ ಅನುಮಾನದಿಂದ ಒಂದು ಕೆನ್ನೆಗೆ ಸರಿಸಿಕೊಂಡು, "ಬಾಯಿಗೇ ಇಡದೆ, ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂತ ಗದರಿದರು.

ನಾನು ಕೈ ಕಟ್ಟಿ ನಿಂತು ವಿನಯವಾಗಿ ಕೇಳಿದೆ: "ಸಾರ್, ನೀವು ರಾಕೆಟ್ ಕಳಿಸೋ ಜಾಗಕ್ಕೆಲ್ಲ ಮೊದಲು ನೀವೊಂದ್ಸಲ ಹೋಗಿ ಬಂದು ಆಮೇಲೆ ಕಳಿಸ್ತೀರಾ?"

ಅವರು ಒಂದು ಕ್ಷಣ ಯೋಚನೆ ಮಾಡಿ, ಕೆನ್ನೆಯಲ್ಲಿದ್ದದ್ದನ್ನ ನುಂಗಿ, ಇನ್ನೊಂದು ಪ್ಲೇಟು ಕಟ್ಟಿಸಿಕೊಂಡು ಹೋದರು.

೪. ಟೋಪಿ ಅಂಕಲ್

ನಾನು ತಿನ್ನುವುದಿಲ್ಲ ಅನ್ನೋದಕ್ಕೆ ಒಬ್ಬ ಸಾಕ್ಷಿ ಸಿಕ್ಕಿದರು. ಎಂಥ ಸಾಕ್ಷಿ ಅಂದರೆ, ಬಾಯಿ ಬಿಟ್ಟರೆ ಅವರೇ ಜೈಲಿಗೆ ಹೋಗುವಂಥ ಸಾಕ್ಷಿ.

ಡಾಲಸ್‌ನಲ್ಲಿ ಒಂದು ಭಾನುವಾರ ಸಾಲಿನಲ್ಲಿ ಒಬ್ಬರು ಟೋಪಿಯನ್ನ ಮೂಗಿನ ತನಕ ಎಳೆದುಕೊಂಡು, ಕರಿ ಕನ್ನಡಕ ಹಾಕಿಕೊಂಡು, ಆ ಸೆಕೆಯಲ್ಲೂ ಜಾಕೆಟ್ ತೊಟ್ಟುಕೊಂಡು ನಿಂತಿದ್ದರು. ಕಿಟಕಿ ಹತ್ತಿರ ಬಂದಾಗ ಗುರುತು ಸಿಕ್ಕಿತು. ನಮ್ಮ ಎದುರುಮನೆ ಧಾರವಾಡದ ಅಂಕಲ್. ಗಣೇಶನ ಹಬ್ಬಕ್ಕೆ ಪ್ರಸಾದದ ಉಸ್ತುವಾರಿ ಅವರದೇ.

"ಅಂಕಲ್!" ಅಂದೆ.

ಅವರು ಹಿಂದೆ ತಿರುಗಿ ನೋಡಿದರು, ನಾನು ಇನ್ಯಾರನ್ನೋ ಕರೆದೆ ಅನ್ನೋ ಹಾಗೆ. ಹಿಂದೆ ಯಾರೂ ಅಂಕಲ್ ಇರಲಿಲ್ಲ. "ಏನಪಾ ತಮ್ಮಾ, ನೀ ಇಲ್ಲೇನ ಮಾಡಾಕತ್ತೀ?" ಅಂದರು.

"ಕೆಲಸ ಮಾಡ್ತಿದೀನಿ ಅಂಕಲ್. ನೀವು?"

"ನಾ... ಪಾರ್ಕಿಂಗ್ ಹುಡುಕಾಕತ್ತಿದ್ದೆ."

"ಕಾರ್ ಎಲ್ಲಿ?"

"ಪಾರ್ಕ್ ಮಾಡೀನಲ್ಲ."

ಪ್ಲೇಟು ಕೊಟ್ಟೆ. ಟ್ರಕ್ಕಿನ ಹಿಂದೆ, ಗ್ಯಾಸ್ ಸಿಲಿಂಡರ್ ಪಕ್ಕ ಕೂತು ತಿಂದರು. ಗೊಜ್ಜಿಗೆ ಮೂಗು, ಕಣ್ಣು ಎಲ್ಲ ಸೋರಿ ಜಾಕೆಟ್ಟಿನ ತೋಳು ಒದ್ದೆಯಾಯಿತು. "ಭಾರಿ ಆಗೈತಿ," ಅಂದರು. "ಬಾ, ನೀನೂ ಒಂದ ತುಣುಕು ತಿನ್ನು. ನಾ ಯಾರಿಗೂ ಹೇಳೂದಿಲ್ಲ."

"ಬೇಡ ಅಂಕಲ್. ನಾನು ತಿನ್ನಲ್ಲ."

"ಇಷ್ಟು ವಾಸನಿ ಹಿಡಕೊಂಡು ಇಡೀ ದಿವಸ ನಿಂದರ್ತೀ, ಒಮ್ಮೆಯೂ ತಿಂದಿಲ್ಲ? ಗಟ್ಟಿ ಮನಸ್ಸಪಾ ನಿಂದು."

"ಅಂಕಲ್, ಇದನ್ನೇ ನಮ್ಮಮ್ಮನಿಗೆ ಒಂದ್ಸಲ ಹೇಳ್ತೀರಾ?"

ಅಂಕಲ್ ಅಗಿಯುವುದು ನಿಧಾನ ಆಯಿತು. ಅವರ ಮುಖ ನೋಡಿ ಪಾಪ ಅನ್ನಿಸಿತು. ಅವರಿಗೂ ಮನೆಯಿದೆ, ಮನೆಯಲ್ಲಿ ಹೆಂಡತಿಯಿದ್ದಾರೆ. ಜಾಕೆಟ್ಟಿನೊಳಗೆ ಎಷ್ಟು ಸೆಕೆಯೋ ಅಷ್ಟೇ ಭಯ.

ಆದರೆ ಮನುಷ್ಯ ಒಳ್ಳೆಯವರು. ಮುಂದಿನ ವಾರ ಹೆಂಡತಿಯ ಜೊತೆ ನಮ್ಮ ಮನೆಗೆ ಬಂದಾಗ, ಉಪ್ಪಿಟ್ಟು ಕೈಯಲ್ಲಿ ಹಿಡಿದುಕೊಂಡು, ಗಂಟಲು ಸರಿಮಾಡಿಕೊಂಡು ಶುರು ಮಾಡಿಯೇಬಿಟ್ಟರು. "ಅಕ್ಕಾರ, ನಿಮ್ಮ ಹುಡುಗ ಅಲ್ಲಿ ಕೆಲಸ ಮಾಡಿದ್ರೂ ಅದನ್ನ ಮುಟ್ಟಿ ತಿನ್ನೂದಿಲ್ಲ ನೋಡ್ರಿ. ನಾ ಖಾತ್ರಿ ಹೇಳ್ತೀನಿ."

ಅಮ್ಮ ತಲೆ ಎತ್ತಿದಳು. "ನಿಮಗೆ ಹೇಗೆ ಗೊತ್ತು?"

ಉಪ್ಪಿಟ್ಟಿನ ಚಮಚ ಅರ್ಧದಲ್ಲೇ ನಿಂತಿತು. ನಾನು ಫ್ಯಾನ್ ನೋಡಿದೆ, ಅಪ್ಪ ಫೋನ್ ನೋಡಿದರು. ಅಂಕಲ್ ಎಲ್ಲರನ್ನೂ ಒಂದು ಸುತ್ತು ನೋಡಿ, "ಮುಖದ ಕಳಿ ನೋಡಿದ್ರ ತಿಳೀತೈತ್ರಿ," ಅಂದರು.

ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ತಟ್ಟೆಯನ್ನ ನಿಧಾನಕ್ಕೆ ಕೆಳಗಿಟ್ಟರು. "ಹೌದ? ಹಂಗಾರ ನಿಮ್ಮ ಮುಖ ಒಂಚೂರು ಈ ಕಡೆ ತಿರುಗಸ್ರಿ, ನೋಡೂಣು."

೫. ತಂಬಿಟ್ಟು

ಗೊಜ್ಜಿನ ಮೇಲೆ ಉದುರಿಸುವ ಅಕ್ಕಿ ಪುಡಿಯನ್ನ ನಾನು ಮನೆಯಲ್ಲೇ ಹುರಿಯುತ್ತಿದ್ದೆ. ಅಂಟಕ್ಕಿಯನ್ನ ಸಣ್ಣ ಉರಿಯಲ್ಲಿ, ಥಾಯ್ ನಿಂಬೆ ಎಲೆ ಹಾಕಿ, ಕಂದು ಬಣ್ಣ ಬರುವ ತನಕ ಹುರಿದು ಪುಡಿ ಮಾಡಬೇಕು. ಬರೀ ಅಕ್ಕಿ, ಎಲೆ. ಅದಕ್ಕೆ ಅಮ್ಮನ ಅಡ್ಡಿ ಇರಲಿಲ್ಲ. ಪುಡಿಯನ್ನ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಶೆಲ್ಫಿನಲ್ಲಿ ಇಡುತ್ತಿದ್ದೆ. ಅಮ್ಮನ ಹತ್ತು ಸ್ಟೀಲ್ ಡಬ್ಬಿಗಳ ಪಕ್ಕದಲ್ಲಿ.

ಇಂಥ ಎಡವಟ್ಟು ನಮ್ಮಂಥ ಮನೆಯಲ್ಲಿ ಮಾತ್ರ ಆಗೋದು. ಬೇರೆಯವರು ಡಬ್ಬಿ ಮೇಲೆ ಹೆಸರು ಬರೆದು ಅಂಟಿಸುತ್ತಾರೆ. ನಮ್ಮಮ್ಮನಂಥವರು ಡಬ್ಬಿಯ ನೆಗ್ಗು ನೋಡಿ ಗುರುತು ಹಿಡಿಯುತ್ತಾರೆ. ನಾನು ತೆಗೆದುಕೊಂಡಿದ್ದ ಡಬ್ಬಿಗೆ ಎಡಗಡೆ ನೆಗ್ಗು ಇತ್ತು. ಅದು ಅವಳ ಲೆಕ್ಕದಲ್ಲಿ ತಂಬಿಟ್ಟಿನ ಹಿಟ್ಟಿನ ಡಬ್ಬಿ.

ಶುಕ್ರವಾರ ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದಿದ್ದರು. ನಾನು ಕೆಲಸ ಮುಗಿಸಿ ಬಂದು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದೆ. ಹೊರಗಡೆ ಒಬ್ಬರು, "ತಂಬಿಟ್ಟು ಏನ್ ಘಮ ರೀ! ನಿಂಬೆದೇನೋ ಪರಿಮಳ ಬರ್ತಿದೆಯಲ್ಲ!" ಅಂದರು. ಇನ್ನೊಬ್ಬರು, "ಬಣ್ಣನೂ ಚೆನ್ನಾಗಿದೆ, ಹೇಗೆ ಹುರಿದ್ರಿ?" ಅಂದರು. ಅಮ್ಮ ಗಂಭೀರವಾಗಿ, "ನಮ್ಮತ್ತೆ ಹೇಳಿಕೊಟ್ಟಿದ್ದು. ಅವರ ತವರಿನ ಕಡೆ ಪದ್ಧತಿ," ಅಂದಳು.

ನನ್ನ ಬಾಯಲ್ಲಿದ್ದ ನೀರು ಮೂಗಿನಿಂದ ಬಂತು.

ಎಲ್ಲರೂ ಹೋದ ಮೇಲೆ ನೆಗ್ಗಿದ ಡಬ್ಬಿ ತೋರಿಸಿ ನಿಜ ಹೇಳಿದೆ. ಅಮ್ಮ ಗೋಡೆಗೆ ಒರಗಿ ಕೂತಳು. ದೇವಿಗೆ ನೈವೇದ್ಯ ಆಗಿದೆ, ಹೆಂಗಸರೆಲ್ಲ ಎರಡೆರಡು ತಿಂದಿದ್ದಾರೆ, ಒಬ್ಬರು ಗಂಡನಿಗೆ ಅಂತ ಕಟ್ಟಿಸಿಕೊಂಡೂ ಹೋಗಿದ್ದಾರೆ. ಬಹಳ ಹೊತ್ತು ಯೋಚನೆ ಮಾಡಿ ಅಮ್ಮ ಒಂದು ಪ್ರಶ್ನೆ ಕೇಳಿದಳು. ದೊಡ್ಡ ದೊಡ್ಡ ಮಠದಲ್ಲೂ ಯಾರೂ ಇಂಥ ಪ್ರಶ್ನೆ ಕೇಳಿರಲಿಕ್ಕಿಲ್ಲ.

"ಈ ಪುಡಿ ಅಲ್ಲಿಗೆ ಹೋಗಿ ವಾಪಸ್ ಬಂದಿದ್ದಾ? ಇಲ್ಲಾ, ಇನ್ನೂ ಹೋಗಬೇಕಾಗಿದ್ದಾ?"

"ಹೋಗಬೇಕಾಗಿದ್ದು."

"ನಿಜವಾಗ್ಲೂ?"

"ನಿಜವಾಗ್ಲೂ ಅಮ್ಮ. ನಾಳೆ ಹೋಗ್ತಿತ್ತು."

ಅಮ್ಮ ನನ್ನ ಮುಖವನ್ನೇ ನೋಡಿದಳು. ಇಷ್ಟು ನಂಬಿದರೆ ಅಷ್ಟನ್ನೂ ನಂಬಬಹುದೇನೋ ಅಂತ ನನಗೆ ಆಸೆ. "ಹೋಗದೆ ಇರೋದಕ್ಕೆ ದೋಷ ಇಲ್ಲ," ಅಂತ ತೀರ್ಪು ಕೊಟ್ಟು ಎದ್ದಳು. ಆದರೆ ಮಾರನೇ ದಿನ ಮೇಜಿನ ಮೇಲಿನ ಕಾಫಿ ಹಾಗೇ ಇತ್ತು. ಅಪ್ಪ ದೀರ್ಘವಾಗಿ ಉಸಿರುಬಿಟ್ಟು ಎರಡನೇ ಲೋಟ ಎತ್ತಿಕೊಂಡರು.

ಅಷ್ಟಕ್ಕೇ ಮುಗಿಯಲಿಲ್ಲ. ನಾನು ಮತ್ತೆ ಅಕ್ಕಿ ಹುರಿಯೋಕೆ ನಿಂತಾಗ ಅಮ್ಮ ಬಂದು ಸೌಟು ಕಿತ್ತುಕೊಂಡಳು. "ಹಿಂಗಾ ಹುರಿಯೋದು? ಕರಕಲು ಮಾಡಿ ಇಡ್ತೀಯ. ಸರಿ ಆ ಕಡೆ." ಅವತ್ತಿನಿಂದ ಅಕ್ಕಿ ಹುರಿಯೋದು ಅವಳೇ. ನನ್ನ ಕೈಯ ಕಾಫಿ ಕುಡಿಯದ ಅಮ್ಮ, ನನ್ನ ಗೊಜ್ಜಿಗೆ ವಾರವಾರ ಅಕ್ಕಿ ಹುರಿದು, ಆರಿಸಿ, ಪುಡಿ ಮಾಡಿ ಕೊಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದೆ. "ಅಮ್ಮ, ಇದು ಎಲ್ಲಿಗೆ ಹೋಗತ್ತೆ ಅಂತ ಗೊತ್ತಲ್ವಾ?"

"ನಾನು ಹುರೀತಿರೋದು ಅಕ್ಕಿ," ಅಂದಳು ಅಮ್ಮ, ಬಾಣಲೆಯಿಂದ ಕಣ್ಣು ತೆಗೆಯದೆ. "ಮನೆ ಬಿಟ್ಟ ಮೇಲೆ ಅದು ಯಾರ ಸಹವಾಸ ಮಾಡತ್ತೋ ಅದರ ಹಣೆಬರಹ. ಎಲ್ಲ ನಿನ್ನ ಹಾಗೇ."

೬. ಆಸ್ಟಿನ್ನಿನಲ್ಲಿ ಒಂದು ಲೋಟ

ಒಂದು ಶನಿವಾರ ಆಸ್ಟಿನ್. ಶುಕ್ರವಾರವೇ ಆಂಟಿಯ ಜೊತೆ ಹೊರಟು ಬಂದಿದ್ದೆ. ಬೆಳಿಗ್ಗೆ ಮೆಣಸಿನಕಾಯಿ ಹುರಿದು, ಕಲ್ಲಿನಲ್ಲಿ ಕುಟ್ಟಿ ಕುಟ್ಟಿ ಪುಡಿ ಮಾಡಿ ನೋಡುತ್ತೇನೆ, ಅಕ್ಕಿ ಪುಡಿ ಡಬ್ಬಿಯೇ ಇಲ್ಲ. ಫ್ರಿಸ್ಕೋದ ಶೆಲ್ಫಿನಲ್ಲಿ ಬಿಟ್ಟು ಬಂದಿದ್ದೆ. ಆಂಟಿ ತಲೆ ಮೇಲೆ ಕೈ ಹೊತ್ತರು. ಆ ಪುಡಿ ಇಲ್ಲದ ಗೊಜ್ಜು ಅವರ ಪ್ರಕಾರ ಬಟ್ಟೆ ಹಾಕದೆ ಮದುವೆಗೆ ಹೋದ ಹಾಗೆ.

ಅಪ್ಪನ ಕಸಿನ್ ಒಬ್ಬರದು ಅವತ್ತೇ ಆಸ್ಟಿನ್ನಿನಲ್ಲಿ ಗೃಹಪ್ರವೇಶ. ಅಪ್ಪ ಅಮ್ಮ ಡ್ರೈವ್ ಮಾಡಿಕೊಂಡು ಹೊರಟಿದ್ದರು. ಫೋನ್ ಮಾಡಿದೆ. "ಡಬ್ಬಿ ತಂದುಕೊಟ್ಟು ಹೋಗಿ ಅಪ್ಪ," ಅಂದೆ. "ನಿನ್ನಮ್ಮ ಆಗಲೇ ನೋಡಿ ಮಡಿಲಲ್ಲಿ ಇಟ್ಕೊಂಡು ಕೂತಿದಾಳೆ," ಅಂದರು ಅಪ್ಪ.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಕಾರು ಬಂತು. ರೇಷ್ಮೆ ಸೀರೆ ಉಟ್ಟ ಅಮ್ಮ ಎಡಗಡೆ ನೆಗ್ಗು ಇರುವ ಡಬ್ಬಿ ಹಿಡಿದುಕೊಂಡು ಇಳಿದಳು. ಬೋರ್ಡಿನ ಮೇಲಿನ ಹುಲಿಯನ್ನ ನೋಡಿ, "ಬೆಕ್ಕಿಗೆ ಏನಾಗಿದೆ?" ಅಂದಳು. ಹೊಗೆ ಬರುವ ಕಡೆಗೆ ಸೆರಗು ಅಡ್ಡ ಹಿಡಿದು, ದೂರದಲ್ಲೇ ನಿಂತು ಡಬ್ಬಿ ಚಾಚಿದಳು.

ಆಂಟಿ ಡಬ್ಬಿ ನೋಡಿದರು, ಅಮ್ಮನನ್ನ ನೋಡಿದರು. ಇಕ್ಕಳ ಬಿಟ್ಟು, ಕೈ ತೊಳೆದು, ಕೆಳಗಿಳಿದು ಬಂದು, ಎರಡೂ ಕೈ ಜೋಡಿಸಿ ತಲೆ ಬಾಗಿಸಿದರು. ಅಮ್ಮನೂ ಅಭ್ಯಾಸಬಲದಿಂದ ಕೈ ಜೋಡಿಸಿದಳು. ಡಬ್ಬಿ ಕಂಕುಳಲ್ಲಿ ಸಿಕ್ಕಿಕೊಂಡಿತು.

"ಈ ಅಕ್ಕಿ ನೀವಾ ಹುರಿಯೋದು?" ಆಂಟಿ ತಮ್ಮ ತುಂಡು ತುಂಡು ಇಂಗ್ಲಿಷಿನಲ್ಲಿ ಕೇಳಿದರು. "ಹುಡುಗ ಹೇಳಿದ, ಅಮ್ಮ ಹುರೀತಾರೆ ಅಂತ. ನಾನು ನಂಬಲಿಲ್ಲ. ಇವನು ಯಾವಾಗಲೂ ಜೋಕ್. ಒಂದು ಮಾತೂ ನಂಬೋಕಾಗಲ್ಲ."

ಅಮ್ಮನ ಮುಖ ಅರಳಿತು. ಅಮೆರಿಕಕ್ಕೆ ಬಂದ ಮೇಲೆ ತನ್ನ ಕಷ್ಟ ಅರ್ಥ ಮಾಡಿಕೊಂಡ ಮೊದಲನೇ ಜೀವವನ್ನ ಅವಳು ನೋಡುತ್ತಿದ್ದಳು. "ನಿಮ್ಮ ಹತ್ತಿರನೂ ಹಿಂಗೇನಾ?" ಅಂದಳು. ಇಬ್ಬರೂ ಸೇರಿ ನನ್ನನ್ನು ಬೈದು ಮುಗಿಸುವ ಹೊತ್ತಿಗೆ ಕೈ ಹಿಡಿದುಕೊಂಡು ಟ್ರಕ್ಕಿನ ಹಿಂಬಾಗಿಲ ತನಕ ಹೋಗಿದ್ದರು.

ಅಲ್ಲಿ ಮೂಲೆಯಲ್ಲಿ ಒಂದು ಸಣ್ಣ ಸ್ಟವ್ ಇದೆ. ಅದರ ಪಾತ್ರೆ ಬೇರೆ, ಸೌಟು ಬೇರೆ, ಒರೆಸುವ ಬಟ್ಟೆ ಕೂಡ ಬೇರೆ. ಮೇಲೆ ಗೂಡಿನಲ್ಲಿ ಬಿಳಿ ಬಟ್ಟೆಯ ಕುವಾನ್ ಇಮ್ ದೇವಿ, ಮುಂದೆ ಮಲ್ಲಿಗೆ ಹೂವು, ಸಣ್ಣ ಲೋಟದಲ್ಲಿ ನೀರು.

"ಈ ಸ್ಟವ್ ಯಾಕೆ ಬೇರೆ?" ಅಮ್ಮ ಕೇಳಿದಳು.

"ಇದು ನನಗೆ. ಬೀಫ್ ಇಲ್ಲ. ನನ್ನ ಅಮ್ಮನಿಗೆ ಕಾಯಿಲೆ, ದೇವಿಗೆ ಮಾತು ಕೊಟ್ಟೆ. ಬೀಫ್ ಮುಟ್ಟಿದ ಕೈ ತೊಳೆಯದೆ ಇಲ್ಲಿ ಯಾರೂ ಬರಬಾರದು."

ಅಮ್ಮ ಗೂಡನ್ನೇ ನೋಡುತ್ತಾ ನಿಂತಳು. ಕನ್ನಡದಲ್ಲಿ, ತನಗೇ ಹೇಳಿಕೊಳ್ಳುವ ಹಾಗೆ, "ಮಡಿ," ಅಂದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದಳು, "ಇವನು?"

"ಇವನು ಅನ್ನ, ಸೌತೆಕಾಯಿ. ದಿನಾ ಅನ್ನ, ಸೌತೆಕಾಯಿ. ನಾನು ಬೈತೀನಿ, ನೀನು ಹುಡುಗನಾ ಮೊಲನಾ? ಇವನು ಹೇಳ್ತಾನೆ, ಮನೆಗೆ ಹೋಗಿ ಕಾಫಿ ಮಾಡಬೇಕು."

ಇದ್ದಿಲ ಮೇಲೆ ಕೊಬ್ಬು ಬಿದ್ದು ಚುಂಯ್ ಅಂದಿತು. ಅಮ್ಮ ನನ್ನ ಹತ್ತಿರ ಬಂದಳು. "ಇದನ್ನ ನನಗೆ ಮೊದಲೇ ಹೇಳೋಕೆ ಏನಾಗಿತ್ತೋ?"

"ಹೇಳಿದ್ದೆ ಅಮ್ಮ."

"ಹೇಳಿದ್ದೆ ಸರಿ. ನಂಬೋ ಹಾಗೆ ಯಾಕೆ ಹೇಳಲಿಲ್ಲ?"

ಅಮ್ಮ ಕಾರಿನ ಕಡೆ ತಿರುಗಿ, "ರೀ, ಆ ಫ್ಲಾಸ್ಕ್ ತನ್ನಿ," ಅಂತ ಕೂಗಿದಳು. ನಮ್ಮ ಮನೆಯವರು ಎಲ್ಲಿಗೆ ಹೊರಟರೂ ಡಿಕಾಕ್ಷನ್ ಜೊತೆಗೇ ಹೊರಡುತ್ತದೆ. ಅಪ್ಪ ಫ್ಲಾಸ್ಕು, ಹಾಲು, ಸ್ಟೀಲ್ ಲೋಟ ತಂದರು. ಅಮ್ಮ ಆಂಟಿಯ ಕಡೆ ನೋಡಿದಳು. ಆಂಟಿ ತಮ್ಮ ಮಡಿ ಸ್ಟವ್ ಹಚ್ಚಿ ಕೊಟ್ಟರು. ಅಮ್ಮ ನನಗೆ ಹೇಳಿದಳು, "ಹಾಲು ಕಾಯಿಸು."

ಕೈ ತೊಳೆದೆ. ಸೋಪು ಹಾಕಿ, ನಿಂಬೆಹಣ್ಣು ಉಜ್ಜಿ, ಮತ್ತೆ ಸೋಪು ಹಾಕಿ ತೊಳೆದೆ. ಹಾಲು ಉಕ್ಕೋ ಮುಂಚೆ ತೆಗೆದೆ. ಎತ್ತಿ ಹೊಯ್ದೆ, ನೊರೆ ಬಂತು. ಅಷ್ಟು ದಿನದ ಮೇಲೆ ಅಮ್ಮನಿಗೆ ಕೊಡುವ ಕಾಫಿ, ಹಾಗೆ ಹೇಗೆ ಕೊಡೋದು? ಲೋಟದ ಅಂಚನ್ನ ಹೆಬ್ಬೆರಳಿನಿಂದ ಸುತ್ತ ಚೆನ್ನಾಗಿ ಒರೆಸಿ ಕೊಟ್ಟೆ.

ಅಮ್ಮ ತುಟಿಗಿಟ್ಟಳು. ಒಂದು ಗುಟುಕು ಕುಡಿದಳು. ಅವಳ ಕಣ್ಣು ನಿಧಾನಕ್ಕೆ ದೊಡ್ಡದಾಯಿತು. ಆಗ ನನಗೆ ಹೊಳೆಯಿತು. ಬೆಳಿಗ್ಗೆಯಿಂದ ಹುರಿದ ಮೆಣಸಿನಕಾಯಿ ಕುಟ್ಟಿದ ಹೆಬ್ಬೆರಳು ಅದು. ಆ ಖಾರ ಸೋಪಿಗೂ ಬಗ್ಗಲ್ಲ, ನಿಂಬೆಹಣ್ಣಿಗೂ ಬಗ್ಗಲ್ಲ.

"ಅಮ್ಮ, ಇಟ್ಬಿಡು, ಕುಡೀಬೇಡ! ದೇವರಾಣೆ ಇದು ತಮಾಷೆಗೆ ಮಾಡಿದ್ದಲ್ಲ! ಕೈಯಲ್ಲಿ ಮೆಣಸಿನಕಾಯಿ ಇತ್ತು, ಇನ್ನೊಂದು ಲೋಟ ಮಾಡ್ತೀನಿ..."

ಅಪ್ಪ ಹಣೆ ಚಚ್ಚಿಕೊಂಡರು. "ಮುಗೀತು. ಇನ್ನು ನನಗೆ ಜೀವನ ಪೂರ್ತಿ ಎರಡು ಲೋಟ."

ಅಮ್ಮ ಒಂದು ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿದಳು. ಲೋಟ ಕೆಳಗಿಡಲಿಲ್ಲ. ತುಟಿ ಕೆಂಪಾಯಿತು, ಮೂಗು ಕೆಂಪಾಯಿತು, ಎರಡೂ ಕಣ್ಣಲ್ಲಿ ನೀರು ಧಾರಾಕಾರ ಇಳಿಯೋಕೆ ಶುರುವಾಯಿತು. ಹಾಗೇ ನಿಂತು, ನನ್ನ ಮುಖವನ್ನೇ ನೋಡುತ್ತಾ, ಕೊನೆ ಹನಿ ತನಕ ಕುಡಿದಳು.

ಕಿಟಕಿಯ ಆಚೆ ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಗಾಬರಿಯಿಂದ ಬಗ್ಗಿ, "ಆ ಅಮ್ಮ ಯಾಕೆ ಅಳ್ತಿದಾರೆ? ಏನಾಯ್ತು?" ಅಂತ ಕೇಳಿದಳು. ಅವಳ ಹಿಂದೆ ಇನ್ನೂ ನಾಲ್ಕು ತಲೆ ಇಣುಕಿದವು.

ಆಂಟಿ ಇಕ್ಕಳ ಎತ್ತಿಕೊಂಡು ಕಿಟಕಿಗೆ ಓಡಿದರು. "ಹಲ್ಲು ನೋವು! ಬರೀ ಹಲ್ಲು ನೋವು! ಯಾರೂ ಫೋನ್ ತೆಗೀಬೇಡಿ!"

ಅಮ್ಮ ಸೆರಗಿನಿಂದ ಕಣ್ಣು, ಮೂಗು ಎಲ್ಲ ಒರೆಸಿಕೊಂಡು ಖಾಲಿ ಲೋಟ ನನ್ನ ಮುಂದೆ ಚಾಚಿದಳು.

"ಇನ್ನರ್ಧ ಲೋಟ ಇದ್ರೆ ಹಾಕು," ಅಂದಳು. "ಅಂಚು ಮಾತ್ರ ಒರೆಸಬೇಡ."